ಆಗಸ್ಟ್‌ನಲ್ಲಿ ಎಡಿನ್‌ಬರಾ: ಅಪ್ಪ ಅಮ್ಮನ ಜೊತೆ ಫ್ರೀ ಶೋ, ಫ್ರೀ ಮ್ಯೂಸಿಯಂ ಸುತ್ತಿದ ನನ್ನ ಅನುಭವ

ಆಗಸ್ಟ್ ತಿಂಗಳಲ್ಲಿ ಎಡಿನ್‌ಬರಾಗೆ ಹೋಗ್ಬೇಡಿ, ರೂಮ್ ರೇಟ್ ಕೇಳಿದ್ರೆ ತಲೆ ತಿರುಗತ್ತೆ, ಕಾಲಿಡೋಕೆ ಜಾಗ ಇರಲ್ಲ ಅಂತ ಇಲ್ಲಿ ಸ್ಕಾಟ್‌ಲ್ಯಾಂಡಲ್ಲಿರೋ ನಮ್ಮೋರು ಹೇಳೋದನ್ನ ತುಂಬಾ ಸಲ ಕೇಳಿದೀನಿ. ರೂಮ್ ರೇಟಿನ ಮಾತು ನಿಜ. ಆದ್ರೆ ಹೋಗ್ಬೇಡಿ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ, ಯಾಕಂದ್ರೆ ಆ ಊರು ವರ್ಷದಲ್ಲಿ ಅತಿ ಜಾಸ್ತಿ ಕೊಡೋದು ಆಗಸ್ಟ್‌ನಲ್ಲೇ, ಅದ್ರಲ್ಲೂ ಬಹಳಷ್ಟು ಟಿಕೆಟ್ ಇಲ್ದೇ ಸಿಗತ್ತೆ. ನಾನಿರೋದು ಗ್ಲಾಸ್ಗೋದಲ್ಲಿ, ಅಲ್ಲಿಂದ ಕ್ವೀನ್ ಸ್ಟ್ರೀಟ್ ಸ್ಟೇಷನ್‌ನಲ್ಲಿ ಟ್ರೈನ್ ಹತ್ತಿದ್ರೆ ಹತ್ರಹತ್ರ 50 ನಿಮಿಷಕ್ಕೆ ಎಡಿನ್‌ಬರಾ ವೇವರ್ಲಿ, ಹಾಗಾಗಿ ಪ್ರತಿ ಆಗಸ್ಟೂ ಹೋಗ್ತಾನೇ ಇರ್ತೀನಿ. ಈ ಸಲ ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದಿದ್ರು, ಅಮ್ಮಂಗೆ ಮಂಡಿ ನೋವು, ಅಪ್ಪಂಗೆ ಇಲ್ಲಿನ ಇಂಗ್ಲಿಷ್ ಉಚ್ಚಾರಣೆ ಸರಿಯಾಗಿ ಕಿವಿಗೆ ಹತ್ತಲ್ಲ, ಇವರಿಬ್ರನ್ನೂ ಇಟ್ಕೊಂಡು ಹೇಗೆ ಪ್ಲಾನ್ ಮಾಡ್ದೆ ಅಂತ ಬರೀತಿದೀನಿ.

ಮೊದ್ಲು ಹಬ್ಬ ಅಂದ್ರೆ ಏನು ಅಂತ ಹೇಳ್ಬಿಡ್ತೀನಿ, ತುಂಬಾ ಜನ ಒಂದೇ ಹಬ್ಬ ಅನ್ಕೊಂಡಿರ್ತಾರೆ. 1947ರಲ್ಲಿ, ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷಕ್ಕೆ, ಎಡಿನ್‌ಬರಾ ಇಂಟರ್‌ನ್ಯಾಷನಲ್ ಫೆಸ್ಟಿವಲ್ ಶುರು ಆಯ್ತು, ದೊಡ್ಡ ದೊಡ್ಡ ಆರ್ಕೆಸ್ಟ್ರಾ, ಒಪೆರಾ, ನಾಟಕ ಎಲ್ಲಾ ಕರೆಸಿದ್ರು. ಅದೇ ವರ್ಷ ಯಾರೂ ಕರೀದೇ ಇದ್ರೂ 8 ನಾಟಕ ತಂಡಗಳು ತಾವೇ ಬಂದು ಸಿಕ್ಕ ಜಾಗದಲ್ಲಿ ಆಡಿದ್ವು. ಅದೇ ಇವತ್ತಿನ ಫ್ರಿಂಜ್. ಈಗ ಫ್ರಿಂಜ್‌ನಲ್ಲಿ 3000ಕ್ಕೂ ಜಾಸ್ತಿ ಶೋ ಇರತ್ತೆ, ಮೂರು ವಾರಕ್ಕೂ ಮೇಲೆ ನಡ್ಯತ್ತೆ, ಪಬ್ಬಿನ ನೆಲಮಾಳಿಗೆ, ಚರ್ಚ್ ಹಾಲ್, ಯೂನಿವರ್ಸಿಟಿ ಲೆಕ್ಚರ್ ರೂಮು, ಎಲ್ಲೆಲ್ಲಿ ನಾಲ್ಕು ಕುರ್ಚಿ ಹಿಡ್ಸತ್ತೋ ಅಲ್ಲೆಲ್ಲಾ. ಇದರ ಜೊತೆಗೆ ಬುಕ್ ಫೆಸ್ಟಿವಲ್, ಆರ್ಟ್ ಫೆಸ್ಟಿವಲ್, ಕೋಟೆ ಮುಂದೆ ಮಿಲಿಟರಿ ಟ್ಯಾಟೂ (ಸೇನಾ ಬ್ಯಾಂಡುಗಳ ಪ್ರದರ್ಶನ), ಎಲ್ಲಾ ಅದೇ ತಿಂಗಳು ಒಂದರ ಮೇಲೊಂದು.

ಫ್ರಿಂಜ್‌ನಲ್ಲಿ ಫ್ರೀ ಶೋಗಳೇ ನೂರಾರು ಇವೆ. ಫ್ರೀ ಫ್ರಿಂಜ್ ಅಂತ ಒಂದು ಗುಂಪು, ಫ್ರೀ ಫೆಸ್ಟಿವಲ್ ಅಂತ ಇನ್ನೊಂದು, ಇವರ ಶೋಗಳಿಗೆ ಟಿಕೆಟ್ ಇರಲ್ಲ, ಕ್ಯೂ ನಿಂತು ಒಳಗೆ ಹೋಗಿ ಕೂತ್ಕೊಳ್ಳೋದು, ಒಂದು ಗಂಟೆ ಒಳಗೆ ಶೋ ಮುಗಿಯತ್ತೆ, ಮುಗಿದ್ಮೇಲೆ ಕಲಾವಿದರೇ ಬಾಗಿಲ ಹತ್ರ ಒಂದು ಬಕೆಟ್ ಹಿಡ್ಕೊಂಡು ನಿಂತಿರ್ತಾರೆ, ಈಗ ಕಾರ್ಡ್ ಟ್ಯಾಪ್ ಮಾಡೋ ಮೆಷಿನ್ನೂ ಇರತ್ತೆ. ಕೆಲವು ಶೋಗಳಲ್ಲಿ ಸ್ವಲ್ಪ ದುಡ್ಡು ಮೊದ್ಲೇ ಕೊಟ್ಟು ಸೀಟ್ ಬುಕ್ ಮಾಡ್ಕೋಬಹುದು, ಇಲ್ಲಾಂದ್ರೆ ಉಳಿದ ಸೀಟಿಗೆ ಬಂದು ಕೂತು ಕೊನೇಲಿ ನಿಮ್ಮ ಇಷ್ಟದಷ್ಟು ಕೊಡ್ಬಹುದು. ಇಲ್ಲಿ ನಂದು ಒಂದೇ ಒಂದು ಗಟ್ಟಿ ಅಭಿಪ್ರಾಯ, ಬಕೆಟ್‌ಗೆ ಹಾಕ್ದೇ ತಲೆ ತಗ್ಗಿಸ್ಕೊಂಡು ಹೊರಗೆ ಬರಬಾರದು. ಆ ಹುಡುಗ ಹುಡುಗಿಯರು ನೀವು ದುಬಾರಿ ಅಂತ ಬಿಟ್ಟ ಅದೇ ಊರಲ್ಲಿ ಇಡೀ ತಿಂಗಳು ಬಾಡಿಗೆ ಕೊಟ್ಟು ಇದ್ದು, ಬೆಳಿಗ್ಗೆಯಿಂದ ಬೀದೀಲಿ ನಿಂತು ತಮ್ಮ ಶೋದು ಕರಪತ್ರ ತಾವೇ ಹಂಚಿ, ಸಂಜೆ 30 ಜನದ ಮುಂದೆ ಜೀವ ಬಿಟ್ಟು ಆಡ್ತಾರೆ. ಬಕೆಟ್ಟೇ ಅವರ ಸಂಬಳ. ನಾನು ತಲೆಗೆ 5 ರಿಂದ 10 ಪೌಂಡ್ ಲೆಕ್ಕದಲ್ಲಿ ಹಾಕ್ತೀನಿ, ಟಿಕೆಟ್ ಶೋಗೆ ಹೋಲಿಸಿದ್ರೆ ಅದು ಕಮ್ಮೀನೇ. ಅಪ್ಪ ಮೊದಲ ದಿನ "ಫ್ರೀ ಅಂದ್ಯಲ್ಲೋ" ಅಂದ್ರು, ಎರಡನೇ ಶೋ ಹೊತ್ತಿಗೆ ನನ್ ಕೈಯಿಂದ ನೋಟು ಇಸ್ಕೊಂಡು ಅವ್ರೇ ಹೋಗಿ ಹಾಕಿ, ಆ ಹುಡ್ಗನ ಕೈ ಕುಲುಕಿ ಬಂದ್ರು, ನಂಗೆ ತುಂಬಾ ಖುಷಿಯಾಯ್ತು.

ಯಾವ ಶೋ ಆರಿಸ್ಬೇಕು ಅಂದ್ರೆ, ನಿಮ್ ಜೊತೆ ಬಂದೋರಿಗೆ ಇಂಗ್ಲಿಷ್ ಕಷ್ಟ ಅಂದ್ರೆ ಸ್ಟ್ಯಾಂಡ್‌ಅಪ್ ಕಾಮಿಡಿ ಬೇಡ. ಮ್ಯಾಜಿಕ್, ಸಂಗೀತ, ಮಾತಿಲ್ದ ನಾಟಕ, ಸರ್ಕಸ್ ಥರದ್ದು ನೋಡಿ. ಮಕ್ಕಳಿದ್ರೆ ವಯಸ್ಸಿನ ಮಿತಿ ಓದ್ಲೇಬೇಕು, ಯಾಕಂದ್ರೆ ಫ್ರೀ ಶೋ ತುಂಬಾ ನಡ್ಯೋದು ಪಬ್ಬಲ್ಲಿ, ಕೆಲವು ಕಡೆ ಮಕ್ಕಳನ್ನ ಒಳಗೇ ಬಿಡಲ್ಲ. ರೂಮುಗಳು ಚಿಕ್ಕವು, 20 ನಿಮಿಷ ಮುಂಚೆ ಹೋದ್ರೆ ಒಳ್ಳೇದು. ನೆಲಮಾಳಿಗೆಗೆ ಮೆಟ್ಲು ಇರತ್ತಾ ಅಂತಾನೂ ಶೋ ವಿವರದಲ್ಲಿ ಹಾಕಿರ್ತಾರೆ, ಅಮ್ಮನಿಗೋಸ್ಕರ ನಾನು ಅದನ್ನ ನೋಡಿ ನೋಡಿ ಆರಿಸ್ದೆ.

ಶೋಗೇ ಹೋಗಲ್ಲ ಅಂದ್ರೂ ಪರ್ವಾಗಿಲ್ಲ, ಹಳೇ ಊರಿನ ಮುಖ್ಯ ಬೀದಿ ರಾಯಲ್ ಮೈಲ್‌ನ ಹೈ ಸ್ಟ್ರೀಟ್ ಭಾಗದಲ್ಲಿ ಫ್ರಿಂಜ್ ಹೊತ್ತಲ್ಲಿ ವಾಹನ ಬಿಡಲ್ಲ, ಬೀದಿ ತುಂಬಾ ಕಲಾವಿದರು. ಕತ್ತಿ ನುಂಗೋರು, ಬೆಂಕಿ ಹಿಡಿದು ಎಸೆಯೋರು, ಎತ್ತರದ ಸೈಕಲ್ ಮೇಲೆ ನಿಂತು ಮಾತಾಡ್ತಾನೇ ಇರೋರು, ಬ್ಯಾಗ್‌ಪೈಪ್ ಊದೋರು. ಕೆಳಗೆ ಮೌಂಡ್ ಅಂತಾರಲ್ಲ, ಗ್ಯಾಲರಿ ಮುಂದಿನ ಬಯಲು, ಅಲ್ಲೂ ಇದೇ ಥರ ಸುತ್ತ ಜನ ನಿಂತು ನೋಡೋ ಆಟಗಳು ನಡೀತವೆ. ಒಂದು ಮುಖ್ಯವಾದ ವಿಷ್ಯ, ರಾಯಲ್ ಮೈಲ್ ಮೇಲೆ ಕೋಟೆಯಿಂದ ಕೆಳಗೆ ಹೋಲಿರೂಡ್ ಅರಮನೆ ತನಕ ಇಳಿಜಾರು. ವಯಸ್ಸಾದೋರು ಇದ್ರೆ ಬಸ್ಸಲ್ಲಿ ಮೇಲೆ ಜಾರ್ಜ್ 4 ಬ್ರಿಡ್ಜ್ ತನಕ ಹೋಗಿ ಅಲ್ಲಿಂದ ಇಳೀತಾ ಬನ್ನಿ, ಕೆಳಗಿಂದ ಹತ್ತೋಕೆ ಹೋಗ್ಬೇಡಿ. ನಾವು ಹಾಗೇ ಇಳಿದ್ವಿ, ಮಧ್ಯ ಮಧ್ಯ ಕೂತ್ವಿ, ಸೇಂಟ್ ಜೈಲ್ಸ್ ಕ್ಯಾಥಡ್ರಲ್ ಒಳಗೆ ಹೋದ್ವಿ, ಪ್ರವೇಶಕ್ಕೆ ಶುಲ್ಕ ಇಲ್ಲ, ಕಾಣಿಕೆ ಹಾಕ್ಬಹುದು. ಭಾನುವಾರ ಸಂಜೆ 6 ಗಂಟೆಗೆ ಅಲ್ಲಿ ಉಚಿತ ಸಂಗೀತ ಕಛೇರಿ ಇರತ್ತೆ, ಆ ಕಲ್ಲಿನ ಚಾವಣಿ ಕೆಳಗೆ ಆರ್ಗನ್ ನುಡಿಸಿದ್ರೆ ಎದೆ ನಡುಗತ್ತೆ, ಅಮ್ಮಂಗೆ ಇಡೀ ಟ್ರಿಪ್‌ನಲ್ಲಿ ಅದೇ ಹೆಚ್ಚು ಇಷ್ಟ ಆಯ್ತು. ಕೆಳಗೆ ಅರಮನೆ ಎದುರಿಗೆ ಸ್ಕಾಟಿಷ್ ಪಾರ್ಲಿಮೆಂಟು, 2004ರಲ್ಲಿ ತೆರೆದ ಕಟ್ಟಡ, ಅದಕ್ಕೂ ಫ್ರೀ, ಏರ್‌ಪೋರ್ಟ್ ಥರ ಚೆಕ್ ಮಾಡಿ ಬಿಡ್ತಾರೆ, ಭಾನುವಾರ ರಜಾ. ರಾಯಲ್ ಮೈಲ್‌ನ ಒಂದು ಸಂದಿಯೊಳಗೆ ರೈಟರ್ಸ್ ಮ್ಯೂಸಿಯಂ ಇದೆ, ಬರ್ನ್ಸ್, ಸ್ಕಾಟ್, ಸ್ಟೀವನ್‌ಸನ್ ಮೂವರದ್ದು, ಅದೂ ಫ್ರೀ, ಆದ್ರೆ ಒಳಗೆ ಸುತ್ತು ಮೆಟ್ಲು, ಮಂಡಿ ನೋವಿದ್ರೆ ಬೇಡ.

ಇಲ್ಲಿ ಪ್ಲಾನ್ ಅಂದ್ರೆ ಆಕಾಶ ನೋಡ್ಕೊಂಡು ಮಾಡೋ ಪ್ಲಾನು. ಆಗಸ್ಟ್ ಅಂದ್ರೂ 19 ಡಿಗ್ರಿ ಆಸುಪಾಸು, ಒಂದೇ ದಿನದಲ್ಲಿ ಬಿಸ್ಲು ಮಳೆ ಗಾಳಿ ಮೂರೂ ಬರತ್ತೆ. ಮ್ಯೂಸಿಯಮ್ಮು ಗ್ಯಾಲರಿ ಎಲ್ಲಾ 10 ಗಂಟೆಗೆ ತೆಗೆದು ಸಂಜೆ 5ಕ್ಕೆ ಮುಚ್ಚತ್ತೆ, ಆದ್ರೆ ಬೆಳಕು ರಾತ್ರಿ ಎಂಟೂವರೆ ತನಕ ಇರತ್ತೆ. ಹಾಗಾಗಿ ಮಳೆ ಬಂದ ತಕ್ಷಣ ಮ್ಯೂಸಿಯಂ, ಸಂಜೆ ತೆರಪಾದ್ರೆ ಗುಡ್ಡ.

ಚೇಂಬರ್ಸ್ ಸ್ಟ್ರೀಟ್‌ನ ನ್ಯಾಷನಲ್ ಮ್ಯೂಸಿಯಂ ಆಫ್ ಸ್ಕಾಟ್‌ಲ್ಯಾಂಡ್‌ಗೆ ಒಂದು ಪೂರ್ತಿ ಮಳೆ ದಿನ ಇಟ್ಕೊಳ್ಳಿ. ಒಳಗೆ ಹೋದ ತಕ್ಷಣ ಕಬ್ಬಿಣ ಗಾಜಿನ ಎತ್ತರದ ಗ್ರ್ಯಾಂಡ್ ಗ್ಯಾಲರಿ, ಅಲ್ಲೇ ಅಪ್ಪ ಅರ್ಧ ಗಂಟೆ ತಲೆ ಎತ್ಕೊಂಡು ನಿಂತಿದ್ರು. ಡಾಲಿ ಕುರಿ ಇಲ್ಲೇ ಇದೆ, 1996ರಲ್ಲಿ ಎಡಿನ್‌ಬರಾ ಪಕ್ಕದ ರೋಸ್ಲಿನ್‌ನಲ್ಲಿ ಹುಟ್ಟಿದ್ದು, ಪೂರ್ತಿ ಬೆಳೆದ ಪ್ರಾಣಿಯ ಜೀವಕೋಶದಿಂದ ತದ್ರೂಪಿಯಾಗಿ ಹುಟ್ಟಿದ ಮೊದಲ ಸಸ್ತನಿ, 2003ರಲ್ಲಿ ಸತ್ತ ಮೇಲೆ ಚರ್ಮ ಹದ ಮಾಡಿ ಗಾಜಿನ ಪೆಟ್ಟಿಗೇಲಿ ನಿಲ್ಸಿದಾರೆ. ಅಪ್ಪ ರಿಟೈರ್ಡ್ ಬಯಾಲಜಿ ಮೇಷ್ಟ್ರು, ಪಾಠ ಮಾಡಿದ ಕುರಿ ಎದುರಿಗೇ ಸಿಕ್ತು ಅಂದ್ರೆ ಕೇಳ್ಬೇಕಾ. ಲೂಯಿಸ್ ದ್ವೀಪದ ಚೆಸ್ ಕಾಯಿಗಳಲ್ಲಿ 11 ಇಲ್ಲಿವೆ, ವಾಲ್ರಸ್ ದಂತದಲ್ಲಿ ಕೆತ್ತಿದ್ದು, 1831ರಲ್ಲಿ ಸಿಕ್ಕಿದ್ದು, ಉಳಿದ ಬಹುಪಾಲು ಲಂಡನ್‌ನಲ್ಲಿ. ಮತ್ತೆ ಜನ ಗಮನಿಸ್ದೇ ಬರೋದು ಒಂದಿದೆ, ಲಿಫ್ಟ್‌ನಲ್ಲಿ 7ನೇ ಮಹಡಿಗೆ ಹೋದ್ರೆ ಮೇಲೆ ಟೆರೇಸು, ಕೋಟೆ, ಊರು, ಆರ್ಥರ್ಸ್ ಸೀಟ್ ಗುಡ್ಡ ಎಲ್ಲಾ ಸುತ್ತ ಕಾಣತ್ತೆ, ಅದಕ್ಕೂ ಏನೂ ಕೊಡ್ಬೇಕಿಲ್ಲ. ಬೆಟ್ಟ ಹತ್ತೋಕೆ ಆಗದೋರಿಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಮೌಂಡ್ ಮೇಲಿರೋ ನ್ಯಾಷನಲ್ ಗ್ಯಾಲರಿನೂ ಫ್ರೀ (ವಿಶೇಷ ಪ್ರದರ್ಶನಕ್ಕೆ ಮಾತ್ರ ಟಿಕೆಟ್). ಕಪ್ಪು ಬಟ್ಟೆ ಹಾಕ್ಕೊಂಡು ಮಂಜುಗಡ್ಡೆ ಮೇಲೆ ಸ್ಕೇಟಿಂಗ್ ಮಾಡೋ ಪಾದ್ರಿ ಚಿತ್ರ ಇದೆಯಲ್ಲ, ರೇಬರ್ನ್ ಬರೆದಿದ್ದು ಅಂತಾರೆ, ಅದು ಇಲ್ಲೇ. ಗ್ಯಾಲರಿಯಿಂದ ಒಂದು ಗಂಟೆಗೆ ಸರಿಯಾಗಿ ಹೊರಗೆ ಬಂದ್ರೆ ಕೋಟೆ ಮೇಲಿಂದ ತೋಪು ಹಾರಿಸೋದು ಕೇಳತ್ತೆ, ಭಾನುವಾರ ಬಿಟ್ಟು ದಿನಾ. 1861ರಿಂದ ಇದೆ. ಫೋರ್ತ್ ಕೊಲ್ಲಿಯ ಹಡಗುಗಳು ಗಡಿಯಾರ ಸರಿ ಮಾಡ್ಕೊಳ್ಳಲಿ ಅಂತ ಮೊದ್ಲು ಕಾಲ್ಟನ್ ಹಿಲ್ ಮೇಲಿನ ಕಂಬದಿಂದ ಒಂದು ಗೋಳ ಬೀಳಿಸ್ತಿದ್ರು, ಮಂಜು ಕವಿದ್ರೆ ಅದು ಕಾಣ್ತಿರ್ಲಿಲ್ಲ, ಅದಕ್ಕೆ ತೋಪು. ಕೋಟೆ ಒಳಗೆ ಹೋಗೋಕೆ ಟಿಕೆಟ್ ದುಬಾರಿ, ನಾವು ಹೋಗ್ಲಿಲ್ಲ, ಪ್ರಿನ್ಸಸ್ ಸ್ಟ್ರೀಟ್ ಗಾರ್ಡನ್‌ನ ಬೆಂಚಲ್ಲಿ ಚಪಾತಿ ಪಲ್ಯ ತಿಂತಾ ಆ ಹೊಗೆ ಶಬ್ದ ನೋಡಿದ್ವಿ ಕೇಳಿದ್ವಿ. ರಾತ್ರಿ ಟ್ಯಾಟೂ ಮುಗಿಯೋವಾಗ ಹಾರೋ ಬಾಣಬಿರುಸೂ ಅದೇ ಬೀದಿಯಿಂದ ಕಾಣತ್ತೆ.

ಗುಡ್ಡ ಎರಡು. ಕಾಲ್ಟನ್ ಹಿಲ್ 103 ಮೀಟರ್ ಅಷ್ಟೇ, ವೇವರ್ಲಿಯಿಂದ ನಡಕೊಂಡು ಹೋಗೋ ದೂರ, ಅಮ್ಮ ನಿಧಾನಕ್ಕೆ ಹತ್ತಿದ್ರು. ಮೇಲೆ ಗ್ರೀಸಿನ ಪಾರ್ಥೆನಾನ್ ಥರ ಕಟ್ಟೋಕೆ 1826ರಲ್ಲಿ ಶುರು ಮಾಡಿ ದುಡ್ಡು ಮುಗಿದು 1829ರಲ್ಲಿ ನಿಲ್ಸಿದ 12 ಕಂಬ ಇದೆ, ಪಕ್ಕದ ಹಳೇ ಅಬ್ಸರ್ವೇಟರಿ ಈಗ ಕಲೆಯ ಗ್ಯಾಲರಿ, ಅದೂ ಫ್ರೀ. ಆರ್ಥರ್ಸ್ ಸೀಟ್ 251 ಮೀಟರ್, ತಣ್ಣಗಾದ ಜ್ವಾಲಾಮುಖಿ, ಅದಕ್ಕೆ ನಾನೊಬ್ಬನೇ ಬೆಳಿಗ್ಗೆ ಹೋದೆ, ಒಳ್ಳೇ ಶೂ ಇರ್ಲೇಬೇಕು, ತುದೀಲಿ ಜನ ತುಳಿದು ತುಳಿದು ಕಲ್ಲು ನುಣ್ಣಗಾಗಿದೆ, ಗಾಳಿನೂ ಜೋರು.

ಈಗ ನಂಗೆ ತುಂಬಾ ಹತ್ರದ ವಿಷ್ಯ. ರಾಯಲ್ ಬೊಟಾನಿಕ್ ಗಾರ್ಡನ್, 1670ರಲ್ಲಿ ಔಷಧಿ ಗಿಡಗಳ ಸಣ್ಣ ತೋಟವಾಗಿ ಶುರುವಾಗಿದ್ದು, ಈಗ 70 ಎಕರೆ, ಒಳಗೆ ಹೋಗೋಕೆ ಫ್ರೀ. ನಾವು ಹೋದಾಗ ಗಾಜಿನ ಮನೆಗಳು ರಿಪೇರಿಗೆ ಮುಚ್ಚಿದ್ವು, ಆದ್ರೂ ಅರ್ಧ ದಿನ ಸಾಲ್ಲಿಲ್ಲ. ಫೆಸ್ಟಿವಲ್ ಗದ್ದಲದಲ್ಲಿ ಇದ್ದೋರಿಗೆ ಅಲ್ಲಿನ ಹುಲ್ಲಿನ ಮೇಲೆ ಕೂತ್ರೆ ಊರಿನ ಗೋಪುರಗಳು ದೂರದಲ್ಲಿ ಸಾಲಾಗಿ ಕಾಣತ್ತೆ. ನಮಗೆ ಯಾಕೆ ಹತ್ರ ಅಂದ್ರೆ, ಹ್ಯೂ ಕ್ಲೆಗ್‌ಹಾರ್ನ್ ಅಂತ ಒಬ್ಬ ಡಾಕ್ಟ್ರಿದ್ದ, 1820ರಲ್ಲಿ ಮದ್ರಾಸಲ್ಲಿ ಹುಟ್ಟಿ, ಎಡಿನ್‌ಬರಾದಲ್ಲಿ ವೈದ್ಯಕೀಯ ಓದಿ, ಈಸ್ಟ್ ಇಂಡಿಯಾ ಕಂಪನಿ ಕೆಲಸಕ್ಕೆ ಸೇರಿ 1840ರ ದಶಕದಲ್ಲಿ ನಮ್ಮ ಶಿವಮೊಗ್ಗದಲ್ಲಿ ಇದ್ದ. ಮಲೆನಾಡಿನ ಗಿಡಗಳನ್ನ ಕಿತ್ತು ತರಿಸಿ ಇಂಡಿಯಾದ ಚಿತ್ರಕಾರನ ಕೈಲಿ ಒಂದೊಂದನ್ನೂ ಬರೆಸಿದ, ಆಮೇಲೆ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥ ಆದ. ಆ ಚಿತ್ರಗಳು ಈ ಗಾರ್ಡನ್‌ನ ಸಂಗ್ರಹದಲ್ಲೇ ಇವೆ. ಗೋಡೆ ಮೇಲೆ ತೂಗು ಹಾಕಿಲ್ಲ, ನಾವು ಹೋದ ದಿನ ನೋಡೋಕೆ ಆಗ್ಲಿಲ್ಲ, ಅಪ್ಪಂಗೆ ಫೋನಲ್ಲಿ ತೋರಿಸ್ದೆ. ಬರೆದ ಕಲಾವಿದರ ಬಗ್ಗೆ ನಾವು ಇನ್ನೂ ಎಷ್ಟೋ ಮಾತಾಡ್ಬೇಕಿತ್ತು, ಸಾಹೇಬನ ಹೆಸ್ರಲ್ಲೇ ಎಲ್ಲಾ ಉಳ್ಕೊಂಡಿದೆ ಅಂತ ಅಪ್ಪ ಅಂದ್ರು, ನಂಗೂ ಹಾಗೇ ಅನ್ಸತ್ತೆ.

ಓದೋ ಹವ್ಯಾಸ ಇದ್ದೋರು ಬುಕ್ ಫೆಸ್ಟಿವಲ್ ಬಿಡಬೇಡಿ. 2024ರಿಂದ ಅದು ಲಾರಿಸ್ಟನ್ ಪ್ಲೇಸ್‌ನ ಹಳೇ ರಾಯಲ್ ಇನ್‌ಫರ್ಮರಿ ಆಸ್ಪತ್ರೆ ಕಟ್ಟಡದಲ್ಲಿ ನಡೀತಿದೆ. ಭಾಷಣಗಳಿಗೆ ಟಿಕೆಟ್ ಇದೆ, ಅಂಗಳ ಮತ್ತೆ ಪುಸ್ತಕದಂಗಡಿಗೆ ಯಾರು ಬೇಕಾದ್ರೂ ಹೋಗಿ ಕೂತ್ಕೋಬಹುದು.

ಖರ್ಚಿನ ಮಾತು ಒಂಚೂರು. ಊರೊಳಗೆ ರೂಮ್ ಸಿಗದಿದ್ರೆ ಗ್ಲಾಸ್ಗೋ, ಫಾಲ್ಕರ್ಕ್, ಕರ್ಕಾಲ್ಡಿ ಥರ ಟ್ರೈನ್ ಇರೋ ಊರಲ್ಲಿ ಉಳ್ಕೊಳ್ಳಿ, ರಾತ್ರಿ ಕೊನೇ ಟ್ರೈನ್ ಟೈಮ್ ಬೆಳಿಗ್ಗೇನೇ ನೋಡಿಟ್ಕೊಳ್ಳಿ. ಯೂನಿವರ್ಸಿಟಿ ಹಾಸ್ಟೆಲ್ ರೂಮುಗಳನ್ನೂ ಬೇಸಿಗೇಲಿ ಬಾಡಿಗೆಗೆ ಕೊಡ್ತಾರೆ. 2026ರ ಜುಲೈ 24ರಿಂದ ಎಡಿನ್‌ಬರಾದಲ್ಲಿ ಉಳಿಯೋರಿಗೆ ರೂಮ್ ಬೆಲೆ ಮೇಲೆ 5% ಪ್ರವಾಸಿ ತೆರಿಗೆ ಇದೆ, ಒಂದೇ ಕಡೆ ಸತತ ಮೊದಲ 5 ರಾತ್ರಿಗೆ ಮಾತ್ರ, ಹೊರಗಿನ ಊರಲ್ಲಿ ಉಳಿದ್ರೆ ಇದು ಬರಲ್ಲ. ಲೋಥಿಯನ್ ಬಸ್ಸಲ್ಲಿ ಕಾರ್ಡ್ ಟ್ಯಾಪ್ ಮಾಡಿ, ದಿನಕ್ಕೆ ಇಂತಿಷ್ಟು ಅಂತ ಮಿತಿ ಇದೆ, ಅದಕ್ಕಿಂತ ಮೇಲೆ ಕಟ್ ಆಗಲ್ಲ, ಆದ್ರೆ ಒಬ್ರಿಗೆ ಒಂದು ಕಾರ್ಡು. ಕ್ಯಾಶ್ ಕೊಟ್ರೆ ಚಿಲ್ಲರೆ ವಾಪಸ್ ಕೊಡಲ್ಲ. ನಲ್ಲಿ ನೀರು ಚೆನ್ನಾಗಿರತ್ತೆ, ಬಾಟಲಿ ತುಂಬಿಸೋ ನಲ್ಲಿಗಳು ಬೀದೀಲೂ ಇವೆ.

ಆಗಸ್ಟ್ ರಜೆ ಸಿಗಲ್ಲ ಅನ್ನೋರಿಗೆ ಸೆಪ್ಟೆಂಬರ್‌ನಲ್ಲಿ ಡೋರ್ಸ್ ಓಪನ್ ಡೇ ಇದೆ, ಬೇರೆ ದಿನ ಒಳಗೆ ಬಿಡದೇ ಇರೋ ಹಳೇ ಕಟ್ಟಡಗಳನ್ನ ಆ ವಾರಾಂತ್ಯ ಉಚಿತವಾಗಿ ತೆಗೀತಾರೆ. ಕೆಲವಕ್ಕೆ ಮೊದ್ಲೇ ಹೆಸರು ಕೊಡ್ಬೇಕು, ಪಟ್ಟಿ ಬಂದ ದಿನಾನೇ ನೋಡಿ ಬುಕ್ ಮಾಡಿ, ಬೇಗ ಖಾಲಿ ಆಗತ್ತೆ.