ಮೊದಲು ನಾಯಿ, ಆಮೇಲೆ ಸ್ನೋಮೊಬೈಲ್: ರೊವಾನಿಯೆಮಿಯಲ್ಲಿ ನನ್ನ ಅನುಭವ

ಫಿನ್ಲೆಂಡಿನ ಉತ್ತರಕ್ಕಿರುವ ಲ್ಯಾಪ್‌ಲ್ಯಾಂಡಿನ ರೊವಾನಿಯೆಮಿಯಲ್ಲಿ ಊರಿಂದ ಬರುವ ನಮ್ಮವರಿಗೆ ನಾನು ಚಳಿಗಾಲದ ಟೂರ್ ನಡೆಸುತ್ತೇನೆ. ಇಲ್ಲಿ ಎಲ್ಲರೂ ಮಾರುವ ಕಾಂಬೊ ಯಾವುದು ಅಂತ ಈ ಕೆಲಸದಲ್ಲಿರುವವರಿಗೆ ಹೇಳಬೇಕಾಗಿಲ್ಲ. ಹೋಟೆಲಿನಿಂದ ಕರೆದುಕೊಂಡು ಬಾ, ಓವರಾಲ್ ತೊಡಿಸು, ಹತ್ತು ನಿಮಿಷ ಪಾಠ ಹೇಳು, ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಗಾಡಿ) ಹತ್ತಿಸು, ಹೆಪ್ಪುಗಟ್ಟಿದ ನದಿ ಮೇಲಿಂದ ಹಸ್ಕಿ ನಾಯಿಗಳ ಫಾರ್ಮ್‌ವರೆಗೆ ಓಡಿಸು, ಅಲ್ಲಿ ನಾಯಿಗಳು ಎಳೆಯುವ ಸ್ಲೆಡ್‌ನಲ್ಲಿ, ಅಂದರೆ ಜಾರುಬಂಡಿಯಲ್ಲಿ, ಒಂದು ಸಣ್ಣ ಸುತ್ತು, ಬಿಸಿ ಬೆರ್ರಿ ಜ್ಯೂಸ್, ಫೋಟೊ, ವಾಪಸ್. ನಾನು ಇದನ್ನು ಉಲ್ಟಾ ಮಾಡಿದೆ. ಮೊದಲ ದಿನ ಬರೀ ನಾಯಿ, ಎರಡನೇ ದಿನ ಬರೀ ಸ್ನೋಮೊಬೈಲ್. ಅದರಲ್ಲೂ ನಾಯಿ ದಿನದಲ್ಲಿ ಅರ್ಧ ಹೊತ್ತು ಕೆಲಸವೇ. ಹಾರ್ನೆಸ್ (ಸ್ಲೆಡ್ ಎಳೆಯೋಕೆ ಮೈಗೆ ಕಟ್ಟುವ ಪಟ್ಟಿ) ತೊಡಿಸೋದು, ನೀರು ಕೊಡೋದು, ಹೇಲು ಬಳಿಯೋದು.

ಯಾರೂ ನಂಬಲಿಲ್ಲ. ಇಲ್ಲಿನ ಹಳೇ ಗೈಡ್‌ಗಳು ಇಂಡಿಯಾದವರು ಒಂದೇ ಚಟುವಟಿಕೆಗೆ ಇಡೀ ದಿನ ಕೊಡಲ್ಲ, ಅವರಿಗೆ ನಾರ್ದರ್ನ್ ಲೈಟ್ಸ್, ಸಾಂತಾ, ಶಾಪಿಂಗ್ ಎಲ್ಲ ಮೂರು ದಿನದಲ್ಲಿ ಆಗಬೇಕು ಅಂದರು. ಶಿವಮೊಗ್ಗದಿಂದ ನನ್ನ ಬಾಮೈದ ಫೋನ್ ಮಾಡಿ, "ಭಾವ, ದುಡ್ಡು ಕೊಟ್ಟು ನಾಯಿ ಹೇಲು ಬಳಿಯೋಕೆ ಯಾರು ಬರ್ತಾರೆ?" ಅಂತ ಕೇಳಿದ. ಬರ್ತಾರೆ. ಈಗ ಜನವರಿ, ಫೆಬ್ರವರಿ ನನಗೆ ಹೆಚ್ಚು ಕಡಿಮೆ ತುಂಬಿರುತ್ತದೆ. ಅಂದು ನಕ್ಕವರಲ್ಲೇ ಇಬ್ಬರು ಇದೇ ಕ್ರಮವನ್ನು ಬೇರೆ ಹೆಸರಲ್ಲಿ ಮಾರುತ್ತಿದ್ದಾರೆ. ಮಾರಲಿ.

ನಾನು ಫಿನ್ಲೆಂಡಿನ ಓಲು ನಗರದಲ್ಲಿ ಟೆಲಿಕಾಂ ಕೆಲಸದಲ್ಲಿದ್ದವನು. ಕೆಲಸ ಹೋದ ಮೇಲೆ ಬೇರೆಯವರ ಕೈಕೆಳಗೆ ಸೀಸನ್ ಗೈಡ್ ಆಗಿ ದುಡಿದೆ. ಆಮೇಲೆ ಲಿಂಕ್ಸ್ ಕಂಪನಿಯ ಎರಡು ಹಳೇ ಸ್ನೋಮೊಬೈಲ್ ತಗೊಂಡು ಸ್ವಂತ ಶುರು ಮಾಡಿದೆ. ಲಿಂಕ್ಸ್ ತಯಾರಾಗೋದೇ ರೊವಾನಿಯೆಮಿಯಲ್ಲಿ, ಹಾಗಾಗಿ ಬಿಡಿಭಾಗಕ್ಕೆ ಪರದಾಟ ಇಲ್ಲ. ಬಿಡಿಭಾಗ ಬೇಕಾದದ್ದು ಮಾತ್ರ ವಿಪರೀತ. ಮೊದಲ ಚಳಿಗಾಲದಲ್ಲಿ ಎಲ್ಲರಂತೆ ಕಾಂಬೊನೇ ನಡೆಸಿದೆ. ಗಾಜು ಒಡೆದರೆ ಮುನ್ನೂರು ಯೂರೋ, ಮುಂದಿನ ಸ್ಕೀ ಮತ್ತು ಅದರ ತೋಳು ಬಾಗಿದರೆ ಆರು ಏಳು ನೂರು. ಸೀಸನ್ ಮುಗಿಯುವಾಗ ರಿಪೇರಿಗೇ ಆರೇಳು ಸಾವಿರ ಯೂರೋ ಹೋಗಿತ್ತು ಅಂತ ನೆನಪು. ಡ್ಯಾಮೇಜ್ ಆದರೆ ಗ್ರಾಹಕನ ಹೊಣೆ ಸಾವಿರ ಯೂರೋವರೆಗೆ ಅಂತ ಕಾಗದದಲ್ಲಿ ಸಹಿ ಇರುತ್ತೆ ನಿಜ. ಆದರೆ ಬಂದವರು ಚಿಕ್ಕಪ್ಪನ ಆಫೀಸಿನವರು, ಅಕ್ಕನ ಗಂಡನ ಕಡೆಯವರು. ಅವರ ಹತ್ತಿರ ಸಾವಿರ ಯೂರೋ ಕೊಡಿ ಅಂತ ಹೇಗೆ ಕೇಳ್ತೀರಿ? ಕೇಳಿದರೆ ಊರಿಗೆ ಹೋದಾಗ ಮದುವೆ ಮನೆಯಲ್ಲಿ ಪಂಚಾಯಿತಿ.

ಯಾರು ಗಾಡಿ ಮಗುಚುತ್ತಾರೆ ಅಂತ ನೋಡುತ್ತಾ ಬಂದೆ. ಓಡಿಸೋಕೆ ಭಯ ಪಡುವವರಲ್ಲ. ಬುಲೆಟ್ ಓಡಿಸುವವರು! ಕಾರಣ ಇಷ್ಟೆ. ಬೈಕಿನಲ್ಲಿ ಗಾಬರಿಯಾದರೆ ಎರಡೂ ಕೈ ಬಿಗಿ ಹಿಡೀತೀವಿ. ಎಡಗೈಯಲ್ಲಿ ಕ್ಲಚ್, ಬಲಗೈಯಲ್ಲಿ ಬ್ರೇಕ್, ಗಾಡಿ ನಿಲ್ಲುತ್ತೆ. ಸ್ನೋಮೊಬೈಲಿನಲ್ಲಿ ಬ್ರೇಕ್ ಎಡಗೈಯಲ್ಲಿದೆ, ಬಲಗೈ ಹೆಬ್ಬೆರಳಿನ ಕೆಳಗೆ ಥ್ರಾಟಲ್. ಬಲಗೈ ಬಿಗಿ ಹಿಡಿದರೆ ಗಾಡಿ ಚಿಮ್ಮಿ ನೇರ ಮರಕ್ಕೆ. ಇನ್ನೊಂದು, ವಾಲಿದ ತಕ್ಷಣ ಕಾಲು ಊರೋದು. ಎರಡು ಮೂರು ನೂರು ಕೆ.ಜಿ. ಗಾಡಿ ಕಾಲಿನ ಮೇಲೆ ಬಿದ್ದರೆ ಮಂಡಿ ಕಥೆ ಮುಗೀತು. ಆಕ್ಟಿವಾ ಓಡಿಸುವ ಹೆಂಗಸರು ಎಡಗೈ ಬ್ರೇಕ್ ಹಿಡಿದು ರೂಢಿ ಇರೋದರಿಂದ ಬೇಗ ಕಲಿಯುತ್ತಾರೆ. ಈಗ ಬುಕ್ಕಿಂಗ್ ಸಮಯದಲ್ಲೇ ಯಾವ ಟೂ ವೀಲರ್ ಓಡಿಸ್ತೀರಿ ಅಂತ ಕೇಳಿಬಿಡುತ್ತೇನೆ.

ಈ ಬಿಗಿ ಹಿಡಿಯುವ ಅಭ್ಯಾಸ ಬಿಡಿಸೋಕೆ ಪಾಠ ಉದ್ದ ಮಾಡಿ ನೋಡಿದೆ. ಹತ್ತು ನಿಮಿಷದ ಬದಲು ಅರ್ಧ ಗಂಟೆ. ಮೈನಸ್ ಇಪ್ಪತ್ತರಲ್ಲಿ ನಿಂತು ಅರ್ಧ ಗಂಟೆ ಯಾರು ಕೇಳ್ತಾರೆ? ವಿಡಿಯೊ ಮಾಡಿ ಮೊದಲೇ ಕಳಿಸಿದೆ, ಫ್ಯಾಮಿಲಿ ಗ್ರೂಪ್‌ನಲ್ಲಿ ಎಲ್ಲರೂ ಥಂಬ್ಸ್ ಅಪ್ ಹಾಕಿದರು, ಒಬ್ಬರೂ ನೋಡಿರಲಿಲ್ಲ. ಮಕ್ಕಳ ಸಣ್ಣ ಸ್ನೋಮೊಬೈಲಿನಲ್ಲಿ ದೊಡ್ಡವರಿಗೆ ಅಭ್ಯಾಸ ಮಾಡಿಸಲು ಹೋದೆ, ಮರ್ಯಾದೆ ಹೋಯಿತು ಅಂತ ಒಬ್ಬ ಮಾವನವರು ಮುನಿಸಿಕೊಂಡು ಬಸ್ಸಿನಲ್ಲೇ ಕೂತರು.

ಗಾಬರಿಯಾದಾಗ ಕೈ ಹಿಂಡದೆ ಇರೋದನ್ನು ನಾಯಿ ಸ್ಲೆಡ್ ಪುಕ್ಕಟೆಯಾಗಿ ಕಲಿಸುತ್ತದೆ. ಸ್ಲೆಡ್‌ನಲ್ಲಿ ಕೈಗೆ ಕೆಲಸವೇ ಇಲ್ಲ, ಹಿಡಿ ಬಿಡಬಾರದು, ಅಷ್ಟೆ. ಬ್ರೇಕ್ ಕಾಲಲ್ಲಿ. ತಿರುವಿನಲ್ಲಿ ಮೈಭಾರ ಒಳಗೆ ಹಾಕಬೇಕು. ಕಣ್ಣು ಮುಂದಿನ ನಾಯಿ ಮೇಲಿರಬೇಕು. ಒಂದು ದಿನ ಎಂಟು ಹತ್ತು ಕಿ.ಮೀ. ಹೀಗೆ ನಿಂತವರ ಕೈ ಬರೀ ಹಿಡಿದುಕೊಳ್ಳೋದನ್ನು ಕಲಿತಿರುತ್ತದೆ, ಹಿಂಡೋದನ್ನು ಮರೆತಿರುತ್ತದೆ. ಮರುದಿನ ಸ್ನೋಮೊಬೈಲ್ ಹತ್ತಿದಾಗ ಅವರೇ ಬೇರೆ ಮನುಷ್ಯರು. ಇದನ್ನು ಪೂರ್ತಿ ವಿವರಿಸೋಕೆ ನನಗೆ ಬರಲ್ಲ, ರಿಪೇರಿ ಬಿಲ್ ಮಾತ್ರ ಹೇಳುತ್ತೆ. ಹೋದ ಸೀಸನ್ ಇಡೀ ಚಳಿಗಾಲಕ್ಕೆ ಐನೂರು ಯೂರೋ ದಾಟಲಿಲ್ಲ.

ನಾಯಿಗಳು ನನ್ನವಲ್ಲ. ಪಕ್ಕದ ಕೆನೆಲ್‌ನಿಂದ, ಅಂದರೆ ನಾಯಿ ಸಾಕುವ ಜಾಗದಿಂದ. ನಾನೇ ಸಾಕಿದರೆ ಉಳಿಯುತ್ತೆ ಅಂತ ಲೆಕ್ಕ ಹಾಕಿದ್ದೆ, ಆದರೆ ಬೇಸಿಗೆಯಲ್ಲೂ ಅವುಗಳಿಗೆ ಹೊಟ್ಟೆ ಇದೆ ಅಲ್ವಾ? ಆದಾಯ ನಾಲ್ಕು ತಿಂಗಳು, ಖರ್ಚು ಹನ್ನೆರಡು ತಿಂಗಳು. ಕೆನೆಲ್‌ಗೆ ತಲೆಗೆ ಇಷ್ಟು ಅಂತ ಕೊಡುತ್ತೇನೆ, ಸುಮಾರು ನೂರೈವತ್ತು ಯೂರೋ. ಆಫ್ ದಿನಗಳಲ್ಲಿ ಇದಕ್ಕಿಂತ ಕಡಿಮೆಗೆ ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ.

ಅಲಾಸ್ಕನ್ ಹಸ್ಕಿ ನೋಡಿ ನಮ್ಮವರಿಗೆ ಮೊದಲು ನಿರಾಸೆ. ನೀಲಿ ಕಣ್ಣಿನ ದಪ್ಪ ನಾಯಿ ನಿರೀಕ್ಷೆ ಮಾಡಿರುತ್ತಾರೆ. ಇಪ್ಪತ್ತು ಇಪ್ಪತ್ತೈದು ಕೆ.ಜಿ.ಯ ಸಣಕಲು ನಾಯಿ ನೋಡಿ, "ಇದು ನಮ್ಮ ಬೀದಿ ನಾಯಿ ಥರಾನೇ ಇದೆಯಲ್ರೀ" ಅಂತಾರೆ. ಹಾರ್ನೆಸ್ ಹಾಕಿಸಿದ ಮೇಲೆ ಆ ಮಾತು ನಿಲ್ಲುತ್ತೆ. ಹೊರಡುವ ಮುಂಚೆ ಕಿವಿ ಕಿತ್ತುಹೋಗುವ ಹಾಗೆ ಬೊಗಳುತ್ತವೆ, ಹಗ್ಗ ಬಿಚ್ಚಿದ ಕ್ಷಣ ಪೂರ್ತಿ ಗಪ್‌ಚುಪ್. ಇದನ್ನು ಮೊದಲೇ ಹೇಳದಿದ್ದರೆ ಜನ ಏನೋ ಆಯಿತು ಅಂತ ಹೆದರಿ ಬ್ರೇಕ್ ತುಳಿಯುತ್ತಾರೆ. ಹೊಸಬರಿಗೆ ನಾಲ್ಕೇ ನಾಯಿ. ದಪ್ಪ ಜನ ಬಂದರೆ ಐದು. ಸ್ಲೆಡ್‌ಗೆ ಹತ್ತಿರದ ವೀಲ್ ಜೋಡಿಗೆ ಯಾವ ಎರಡನ್ನು ಹಾಕಬೇಕು ಅನ್ನೋದರಲ್ಲಿ ನನ್ನದೊಂದು ಲೆಕ್ಕ ಇದೆ. ಹೆದರುವ ಡ್ರೈವರ್‌ಗೆ ಒಂದು ಜೋಡಿ, ಧೈರ್ಯ ಜಾಸ್ತಿ ಇರುವವರಿಗೆ ಇನ್ನೊಂದು. ಅದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಚಳಿ ಅಂತ ಜನ ಹೆದರುತ್ತಾರೆ, ನಾನು ಹೆದರೋದು ಬಿಸಿಗೆ. ಸೊನ್ನೆ ಹತ್ತಿರ ಬಂದರೆ ನಾಯಿಗಳಿಗೆ ಸೆಕೆ. ಮೈನಸ್ ಹತ್ತರಿಂದ ಇಪ್ಪತ್ತು ಅವುಗಳಿಗೆ ಹಬ್ಬ. ಬಿಸಿ ದಿನ ಸುತ್ತು ಅರ್ಧ ಮಾಡಿ ಉಳಿದ ಹೊತ್ತು ಕೆನೆಲ್ ಕೆಲಸ ಮಾಡಿಸುತ್ತೇನೆ, ಮಾಂಸದ ಚೂರು ಹಾಕಿದ ನೀರು ಕುಡಿಸುತ್ತೇವೆ. ಸುಮ್ನೆ ನೀರಿಟ್ಟರೆ ಮೂಸಿ ನೋಡಲ್ಲ.

ಕೋಟಾ ಅನ್ನೋ ಇಲ್ಲಿನ ಗುಡಿಸಲಿನಲ್ಲಿ ಬೆಂಕಿ ಹಾಕಿಕೊಂಡು ಕೂತಾಗ ಮಕ್ಕಳಿಗೆ 1925ರ ನೋಮ್ ಕಥೆ ಹೇಳುತ್ತೇನೆ. ಅಲಾಸ್ಕದ ಆ ಊರಿಗೆ ಡಿಫ್ತೀರಿಯಾ ಔಷಧವನ್ನು ಇಪ್ಪತ್ತು ಜನ ಸರದಿ ಮೇಲೆ ನಾಯಿ ಸ್ಲೆಡ್‌ನಲ್ಲಿ ಸಾವಿರ ಕಿ.ಮೀ.ಗೂ ಹೆಚ್ಚು ದೂರ ಐದೂವರೆ ದಿನದಲ್ಲಿ ಮುಟ್ಟಿಸಿದರು. ಕೊನೆಯ ತಂಡದ ನಾಯಿ ಬಾಲ್ಟೊಗೆ ನ್ಯೂಯಾರ್ಕ್‌ನಲ್ಲಿ ಪ್ರತಿಮೆ ಬಂತು. ಎಲ್ಲಕ್ಕಿಂತ ದೂರ ಓಡಿದ್ದು ಟೋಗೊ ಅನ್ನೋ ಇನ್ನೊಂದು ನಾಯಿ. ಮಕ್ಕಳು ಟೋಗೊ ಪಕ್ಷ ವಹಿಸಿ ಜಗಳ ಆಡುತ್ತವೆ. ಆದರೆ ನಾಯಿ ಸ್ಲೆಡ್ ಲ್ಯಾಪ್‌ಲ್ಯಾಂಡಿನ ಪುರಾತನ ಸಂಪ್ರದಾಯ ಅಂತ ಮಾತ್ರ ಯಾರಿಗೂ ಹೇಳಬೇಡಿ. ಇಲ್ಲಿನ ಮೂಲನಿವಾಸಿ ಸಾಮಿ ಜನ ಬಂಡಿ ಎಳೆಸುತ್ತಿದ್ದದ್ದು ಹಿಮಸಾರಂಗದಿಂದ. ಹಸ್ಕಿ ಫಾರ್ಮ್‌ಗಳು ಬೆಳೆದದ್ದು ಟೂರಿಸಂ ಜೊತೆ.

ಎರಡನೇ ದಿನ ನದಿಗೆ ಹೋಗಲ್ಲ, ಮೊದಲು ಒಂದು ಸಣ್ಣ ಕೆರೆಗೆ ಹೋಗುತ್ತೇವೆ. ಸ್ನೋಮೊಬೈಲಿಗೆ ಹದಿನೈದು ಸೆಂ.ಮೀ. ಗಟ್ಟಿ ಐಸ್ ಸಾಕು ಅಂತಾರೆ, ನಾನು ಡ್ರಿಲ್ ಹಾಕಿ ಇಪ್ಪತ್ತೈದು ಕಾಣದೆ ಗುಂಪು ಇಳಿಸಲ್ಲ. ಬಕೆಟ್ ಇಟ್ಟು ಎರಡೂ ಕಡೆಗೆ ಸುತ್ತು ಹೊಡೆಸುತ್ತೇನೆ. ಅದಕ್ಕೂ ಮುಂಚೆ ಆಫ್ ಆದ ಗಾಡಿಯಲ್ಲಿ ಕೂರಿಸಿ, ನಾನು ಪಕ್ಕದಿಂದ ಗಾಡಿ ವಾಲಿಸಿ "ಬಿಡ್ರೀ!" ಅಂತ ಕಿರುಚುತ್ತೇನೆ, ಅವರು ಹೆಬ್ಬೆರಳು ಎತ್ತಬೇಕು. ನಾಲ್ಕೈದು ಸಲ ಮಾಡಿದರೆ ರೂಢಿಯಾಗುತ್ತೆ. ಹಿಮವಿಲ್ಲದ ಬೋಳು ಐಸ್ ಮೇಲೆ ಜಾಸ್ತಿ ಹೊತ್ತು ಸುತ್ತಿಸಬೇಡಿ. ಕೂಲಿಂಗ್‌ಗೆ ಹಿಮ ಚಿಮ್ಮಬೇಕು, ಇಲ್ಲದಿದ್ದರೆ ಎಂಜಿನ್ ಕಾಯುತ್ತೆ.

ಹಿಮದಡಿ ನಿಲ್ಲುವ ನೀರಿಗೆ ಇಲ್ಲಿ ಉಹ್ಕು ಅಂತಾರೆ, ಅದರ ಬಗ್ಗೆ ಒಂದು ಮಾತು. ಭಾರಿ ಹಿಮ ಬಿದ್ದಾಗ ಅದರ ಭಾರಕ್ಕೆ ಐಸ್ ಕುಗ್ಗಿ, ಬಿರುಕಿನಿಂದ ನೀರು ಮೇಲೆ ಬಂದು ಹಿಮದ ಅಡಿಯಲ್ಲಿ ನಿಲ್ಲುತ್ತೆ. ಮೇಲಿಂದ ಏನೂ ಕಾಣಲ್ಲ. ಒಂದು ಜನವರಿಯಲ್ಲಿ ನಮ್ಮ ನಾಲ್ಕೂ ಗಾಡಿ ಸಾಲಾಗಿ ಅದರಲ್ಲಿ ಹೂತುಹೋದವು. ಎಳೆಯೋಕೆ ಬಂದವನ ಗಾಡಿಯೂ ಹೂತಿತು. ಈಗ ಹಿಂದಿನ ಸಂಜೆಯೇ ಒಬ್ಬನೇ ಹೋಗಿ ಎರಡು ಮೂರು ಸಲ ಓಡಿಸಿ ಹಾದಿ ಒತ್ತಿ ಬರುತ್ತೇನೆ. ರಾತ್ರಿ ಚಳಿಗೆ ಅದು ಕಲ್ಲಾಗಿರುತ್ತದೆ. ಒಂದು ಗಂಟೆ ಕೆಲಸ, ಹತ್ತು ಲೀಟರ್ ಪೆಟ್ರೋಲ್, ಅಂದರೆ ಇಪ್ಪತ್ತು ಯೂರೋ.

ಅಜ್ಜ ಅಜ್ಜಿ, ಸಣ್ಣ ಮಕ್ಕಳು ನನ್ನ ಗಾಡಿಯ ಹಿಂದಿನ ಜಾರುಬಂಡಿಯಲ್ಲಿ, ಹೆಲ್ಮೆಟ್ ಹಾಕಿ, ಕಂಬಳಿ ಹೊದ್ದು. ವೇಗ ಗಂಟೆಗೆ ಇಪ್ಪತ್ತು ಕಿ.ಮೀ. ಕಾನೂನಿನಲ್ಲಿ ಕಾಡಿನ ಹಾದಿಗೆ ಅರವತ್ತು, ಐಸ್ ಮೇಲೆ ಎಂಬತ್ತು ಇದೆ ಅಂತ ಗೂಗಲ್ ಮಾಡಿಕೊಂಡು ಬರುವ ಹುಡುಗರಿಗೆ ನಾನು ಹೇಳೋದು ಇಷ್ಟೇ: ನನ್ನ ಹಿಂದೆ ಅಜ್ಜಿ ಇದ್ದಾರೆ.

ನಡುನಡುವೆ ಬೇಡದ ಪ್ರಯೋಗಗಳೂ ಆದವು. ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರೆ ಚರ್ಮ ಒಡೆಯಲ್ಲ ಅಂತ ಒಬ್ಬ ಅಜ್ಜಿ ಹಟ ಹಿಡಿದರು, ಬಾಟಲಿಯಿಂದ ಅದು ಹೊರಗೇ ಬರಲಿಲ್ಲ. ಕೈ ಬೆಚ್ಚಗಾಗುವ ಪ್ಯಾಕೆಟ್ಟನ್ನು ಬಿಗಿ ಗ್ಲೌಸ್ ಒಳಗೆ ತುರುಕಿದರೆ ಗಾಳಿ ಸಿಗದೆ ಆರಿಹೋಗುತ್ತೆ, ಸಡಿಲ ಇರಬೇಕು. ಎರಡು ಜೊತೆ ಸಾಕ್ಸ್ ಹಾಕಿ ಬೂಟು ಬಿಗಿಯಾದರೆ ಕಾಲು ಇನ್ನೂ ಬೇಗ ಮರಗಟ್ಟುತ್ತೆ. ಚಿತ್ರಾನ್ನ ಡಬ್ಬಿಯಲ್ಲಿ ಕಲ್ಲಾಯಿತು. ಈಗ ಉಪ್ಪಿಟ್ಟು ಮಿಕ್ಸ್, ಬಿಸಿನೀರು, ಫ್ಲಾಸ್ಕಿನಲ್ಲಿ ಶುಂಠಿ ಕಷಾಯ. ಕೆನೆಲ್‌ನ ಫಿನ್ನಿಶ್ ಹುಡುಗಿಯರೂ ಕಷಾಯಕ್ಕೆ ಸಾಲು ನಿಲ್ಲುತ್ತಾರೆ. ಎಲೆಕ್ಟ್ರಿಕ್ ಸ್ನೋಮೊಬೈಲನ್ನೂ ಬಾಡಿಗೆಗೆ ತಂದು ನೋಡಿದೆ. ಸದ್ದಿಲ್ಲ, ಹೊಗೆ ಇಲ್ಲ, ಕಲಿಯುವವರಿಗೆ ಸ್ವರ್ಗ. ಆದರೆ ದೂರ ಹೋಗುವ ಧೈರ್ಯ ನನಗಿಲ್ಲ, ಬೆಲೆಯೂ ಕೈಗೆಟುಕಲ್ಲ. ಕೆರೆ ಅಭ್ಯಾಸಕ್ಕೆ ಹಳೇದು ಒಂದು ಸಿಕ್ಕರೆ ತಗೊಳ್ಳುತ್ತೇನೆ.

ದರ ಎರಡು ದಿನಕ್ಕೆ ದೊಡ್ಡವರಿಗೆ ನಾನ್ನೂರು ಯೂರೋ ಹತ್ತಿರ. ಅರ್ಧ ದಿನದ ಕಾಂಬೊ ಇನ್ನೂರೈವತ್ತಕ್ಕೆ ಸಿಗುತ್ತೆ, ಹಾಗಾಗಿ ಫೋನಿನಲ್ಲಿ ಚೌಕಾಸಿ ಇದ್ದೇ ಇದೆ. ನಾನು ಇಳಿಸಲ್ಲ. ಕೆನೆಲ್, ಪೆಟ್ರೋಲ್, ಇನ್ಶೂರೆನ್ಸ್, ಬಟ್ಟೆ ಬಾಡಿಗೆ, ಹಾದಿಯ ಪರ್ಮಿಟ್ ಎಲ್ಲ ಕಳೆದು ತಲೆಗೆ ನೂರು ನೂರಿಪ್ಪತ್ತು ಉಳಿಯುತ್ತೆ. ಕಾಂಬೊದಲ್ಲಿ ರಿಪೇರಿ ಕಳೆದು ಮೂವತ್ತು ಉಳಿದರೆ ಹೆಚ್ಚಿತ್ತು. ಒಂದು ಸಲಕ್ಕೆ ಎಂಟು ಜನಕ್ಕಿಂತ ಜಾಸ್ತಿ ತಗೊಳ್ಳಲ್ಲ.

ಮಾರ್ಚ್ ಮಾತ್ರ ಇನ್ನೂ ಖಾಲಿ ಹೊಡೆಯುತ್ತೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಬೆಳಕು ಎರಡು ಮೂರು ಗಂಟೆ, ಮಾರ್ಚ್‌ನಲ್ಲಿ ಹನ್ನೆರಡು ಗಂಟೆ, ಹಿಮವೂ ಗಟ್ಟಿ. ಆದರೆ ಊರಲ್ಲಿ ಅದು ಪರೀಕ್ಷೆ ತಿಂಗಳು, ಮಕ್ಕಳಿರುವ ಮನೆಯವರು ಅಲ್ಲಾಡಲ್ಲ. ಹಾಗಾಗಿ ಈ ಸಲ ಮಾರ್ಚ್ ಪೂರ್ತಿ ರಿಟೈರ್ ಆದ ದಂಪತಿಗಳಿಗೆ ಅಂತ ಇಟ್ಟಿದ್ದೇನೆ, ದರ ಸ್ವಲ್ಪ ಕಮ್ಮಿ, ನಡುವೆ ಒಂದು ವಿಶ್ರಾಂತಿ ದಿನ. ಡ್ರೈವಿಂಗ್ ಲೈಸೆನ್ಸ್ ಅವಧಿ ಮುಗಿದಿದೆಯಾ ನೋಡಿಕೊಂಡು ಬರಬೇಕು. ಮುಗಿದಿದ್ದರೆ ಅವರು ಜಾರುಬಂಡಿಯಲ್ಲಿ, ಮನೆಯವರು ಡ್ರೈವರ್ ಸೀಟಿನಲ್ಲಿ.