ಚಿನ್ನದ ನಡುವೆ ಇಟ್ಟು ಲ್ಯಾಂಥನಮ್ ಅಳೆದದ್ದು

ಕಬ್ಬಿಣಕ್ಕಿಂತ ಭಾರದ ಧಾತುಗಳಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಹುಟ್ಟಿದ್ದು ಮುದಿ ಕೆಂಪು ನಕ್ಷತ್ರಗಳ ಒಳಗೆ. ಅಲ್ಲಿ ನ್ಯೂಕ್ಲಿಯಸ್ಸುಗಳು ಒಂದೊಂದೇ ನ್ಯೂಟ್ರಾನ್ ನುಂಗುತ್ತಾ ನಿಧಾನಕ್ಕೆ ಭಾರವಾಗುತ್ತವೆ. ಯಾವುದು ಎಷ್ಟು ಸುಲಭಕ್ಕೆ ನುಂಗುತ್ತದೆ ಅನ್ನೋದನ್ನು ಹೇಳುವುದೇ ಕ್ಯಾಪ್ಚರ್ ಕ್ರಾಸ್ ಸೆಕ್ಷನ್. ನನ್ನ ಪಾಲಿಗೆ ಬಂದದ್ದು ಲ್ಯಾಂಥನಮ್-139. ಅದರಲ್ಲಿ 82 ನ್ಯೂಟ್ರಾನ್‌ಗಳ ಚಿಪ್ಪು ಭರ್ತಿಯಾಗಿದೆ. ಇನ್ನೊಂದಕ್ಕೆ ಸುಲಭವಾಗಿ ಜಾಗ ಕೊಡಲ್ಲ. ನಕ್ಷತ್ರದ ಶಾಖದಲ್ಲಿ ಚಿನ್ನದ್ದು ಸುಮಾರು 600 ಮಿಲಿಬಾರ್ನ್ (ಕ್ರಾಸ್ ಸೆಕ್ಷನ್ ಅಳೆಯುವ ಮಾನ) ಇದ್ದರೆ, ಇದರದ್ದು 30ರ ಆಸುಪಾಸು.

ನ್ಯೂಟ್ರಾನ್ ತಯಾರಿಸುವ ದಾರಿಯನ್ನು ಜರ್ಮನಿಯ ಕಾರ್ಲ್ಸ್‌ರೂಹೆಯ ಸಂಶೋಧಕರು 1980ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಲಿಥಿಯಮ್ ಪದರಕ್ಕೆ 1,912 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಪ್ರೋಟಾನ್ ಹೊಡೆಯಬೇಕು. ಕ್ರಿಯೆ ಶುರುವಾಗುವುದೇ 1,881ಕ್ಕೆ. ಅದಕ್ಕಿಂತ ಸ್ವಲ್ಪವೇ ಮೇಲಿರುವುದರಿಂದ ನ್ಯೂಟ್ರಾನ್‌ಗಳೆಲ್ಲ 120 ಡಿಗ್ರಿಯ ಶಂಕುವಿನೊಳಗೆ ಮುಂದಕ್ಕೇ ಬರುತ್ತವೆ. ಅವುಗಳ ಶಕ್ತಿಯ ಹಂಚಿಕೆ ನಕ್ಷತ್ರದೊಳಗಿನದ್ದನ್ನೇ ಹೋಲುತ್ತದೆ. ಅದೃಷ್ಟ ಅಲ್ವಾ!

ನಮ್ಮ ನಿದ್ದೆ ಕೆಡಿಸಿದ್ದು ತಕ್ಕಡಿ. ಲ್ಯಾಂಥನಮ್ ಆಕ್ಸೈಡ್ ಬಿಳಿ ಪುಡಿ, ನೋಡೋಕೆ ಸಾಧು. ಆದರೆ ಬಾಟಲಿ ತೆರೆದಿಟ್ಟರೆ ಮಳೆಗಾಲದ ಉಪ್ಪಿನ ಹಾಗೆ ತೇವ ಎಳೆದುಕೊಳ್ಳುತ್ತದೆ. ಪೂರ್ತಿ ಹೈಡ್ರಾಕ್ಸೈಡ್ ಆದರೆ ತೂಕ ಸುಮಾರು 17% ಏರುತ್ತದೆ. ಆಗ ತಕ್ಕಡಿ ತೋರಿಸುವುದರಲ್ಲಿ ಲ್ಯಾಂಥನಮ್ ಎಷ್ಟು, ನೀರೆಷ್ಟು? ಸಾಲದ್ದಕ್ಕೆ ಆ ನೀರಿನ ಹೈಡ್ರೋಜನ್ ನ್ಯೂಟ್ರಾನ್‌ಗಳ ವೇಗವನ್ನೂ ತಗ್ಗಿಸುತ್ತದೆ. ಹಾಗಾಗಿ ಪುಡಿಯನ್ನು ಕುಲುಮೆಯಲ್ಲಿ 800 ಡಿಗ್ರಿಗಿಂತ ಮೇಲೆ ಕಾಯಿಸಿ, ಒಣ ಗಾಳಿಯಲ್ಲೇ ತಣಿಸಿ, ಬಿಲ್ಲೆ ಒತ್ತಿ, ತಕ್ಷಣ ತೂಗುತ್ತಿದ್ದೆವು. ತಕ್ಕಡಿಯ ಕೊನೆಯ ಅಂಕಿ ಕಣ್ಣೆದುರೇ ಮೇಲೇರುತ್ತಾ ಹೋದರೆ ಆ ಬಿಲ್ಲೆಯನ್ನು ಮತ್ತೆ ಕುಲುಮೆಗೆ ಹಾಕೋದೇ.

ಬಿಲ್ಲೆಯ ಎರಡೂ ಬದಿಗೆ ಅದೇ ಅಳತೆಯ ತೆಳು ಚಿನ್ನದ ಹಾಳೆ. ಎಷ್ಟು ನ್ಯೂಟ್ರಾನ್ ಬಂದವು ಅಂತ ಎಣಿಸುವ ಗೋಜೇ ಇಲ್ಲ. ಚಿನ್ನದ ಕ್ರಾಸ್ ಸೆಕ್ಷನ್ ಮೊದಲೇ ಗೊತ್ತಿರುವುದರಿಂದ, ಅದು ಎಷ್ಟು ನುಂಗಿತು ಅಂತ ನೋಡಿದರೆ ಸಾಕು. ಆದರೂ ಒಂದು ಲಿಥಿಯಮ್-ಗ್ಲಾಸ್ ಡಿಟೆಕ್ಟರ್ ಇಟ್ಟು ನ್ಯೂಟ್ರಾನ್‌ಗಳ ಏರಿಳಿತವನ್ನು ಬರೆದಿಡಲೇಬೇಕು. ಪ್ರೋಟಾನ್ ಬೀಮ್ ಬೀಳುವ ಪದರದ ಲಿಥಿಯಮ್ 180 ಡಿಗ್ರಿಗೇ ಕರಗುತ್ತದೆ. ಹಿಂದೆ ನೀರು ಹರಿಸಿ ತಂಪಾಗಿಟ್ಟರೂ ಪದರ ಸವೆಯುತ್ತದೆ, ನ್ಯೂಟ್ರಾನ್ ಇಳಿಯುತ್ತಾ ಹೋಗುತ್ತವೆ. ಅತ್ತ ನ್ಯೂಟ್ರಾನ್ ನುಂಗಿ ಹುಟ್ಟುವ ವಿಕಿರಣಶೀಲ ಲ್ಯಾಂಥನಮ್-140ರ ಅರ್ಧಾಯುಷ್ಯ 40 ಗಂಟೆ, ಚಿನ್ನ-198ರದ್ದು 2.7 ದಿನ. ಮೊದಲು ಹುಟ್ಟಿದವು ಬೀಮ್ ನಡೆಯುತ್ತಿರುವಾಗಲೇ ಕ್ಷಯಿಸುತ್ತಿರುತ್ತವೆ. ಆ ಲೆಕ್ಕ ಎರಡಕ್ಕೂ ಬೇರೆ ಬೇರೆ.

ಬೀಮ್ ನಿಂತ ಮೇಲೆ, ಕ್ಷಯಿಸುವಾಗ ಹೊರಡುವ ಗಾಮಾ ಕಿರಣ ಎಣಿಸುವ ಜರ್ಮೇನಿಯಮ್ ಡಿಟೆಕ್ಟರಿನ ಸರದಿ. ಚಿನ್ನಕ್ಕೆ 412, ಲ್ಯಾಂಥನಮ್‌ಗೆ 1,596 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಗೆರೆ. ಬಿಲ್ಲೆಯನ್ನು ಡಿಟೆಕ್ಟರಿಗೆ ಅಂಟಿಸಿಟ್ಟರೆ ಎಣಿಕೆ ಬೇಗ ಮುಗಿಯುತ್ತದೆ, ನಿಜ. ಆದರೆ ಲ್ಯಾಂಥನಮ್-140 ಒಂದರ ಹಿಂದೆ ಒಂದು ಗಾಮಾ ಉಗುಳುತ್ತದೆ. ಎರಡು ಒಟ್ಟಿಗೆ ಸಿಕ್ಕಿದರೆ ಡಿಟೆಕ್ಟರ್ ಅವನ್ನು ಒಂದೇ ಅಂತ ತಿಳಿಯುತ್ತದೆ, ನಮ್ಮ ಗೆರೆ ಬಡವಾಗುತ್ತದೆ. ಸ್ವಲ್ಪ ದೂರವಿಟ್ಟು ಜಾಸ್ತಿ ಹೊತ್ತು ಎಣಿಸುವುದೇ ನನಗೆ ಇಷ್ಟ.

ಕೊನೆಗೆ ಸಿಗುವುದು ಒಂದು ಅನುಪಾತ: ಚಿನ್ನದ ಇಷ್ಟು ಪಾಲು. ಚಿನ್ನಕ್ಕೆ ಬಹುಕಾಲ ಬಳಸಿದ 582 ಮಿಲಿಬಾರ್ನ್ ಸುಮಾರು 5% ಕಡಿಮೆ ಅಂತ ಆಮೇಲಿನ ಅಳತೆಗಳು ತೋರಿಸಿವೆ. ಅದಕ್ಕೇ ಹಳೆಯ ಪೇಪರ್ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಅವರು ಚಿನ್ನಕ್ಕೆ ಇಟ್ಟುಕೊಂಡ ಅಂಕಿಯನ್ನ. ಫಲಿತಾಂಶ ಆಮೇಲೆ.