ದೊಡ್ಡಪ್ಪನ ವಂಶವೃಕ್ಷ, ಅತ್ತೆಯ ವಂಶವೃಕ್ಷ

ಡೊಂಬಿವಲಿಯ ದೊಡ್ಡಪ್ಪ ಬರೆದ ವಂಶವೃಕ್ಷ ಒಂದು, ಪುಣೆಯಲ್ಲಿ ನಮ್ಮ ಮನೆ ಹತ್ತಿರವೇ ಇರುವ ಸೋದರತ್ತೆಯದು ಇನ್ನೊಂದು. ಎರಡೂ ಒಂದೇನಾ ನೋಡೋ ಕೆಲಸ ಕಂಪ್ಯೂಟರ್ ಓದಿದ ತಪ್ಪಿಗೆ ನನ್ನ ತಲೆಗೆ ಬಂತು. ದೊಡ್ಡಪ್ಪ ಗಂಡುಮಕ್ಕಳನ್ನು ಮೊದಲು ಬರೆದು ಹೆಣ್ಣುಮಕ್ಕಳನ್ನು ಕೊನೆಗೆ ತಳ್ಳಿದ್ದರು; ಅತ್ತೆಯದು ವಯಸ್ಸಿನ ಕ್ರಮ. ಹೆಸರನ್ನು ನಂಬೋ ಹಾಗಿಲ್ಲ, ಇವರ ವೆಂಕಣ್ಣ ಅವರ ವೆಂಕಟೇಶ. ಮರದ ಆಕಾರವನ್ನಷ್ಟೇ ಹೋಲಿಸಲು ಹೊರಟೆ.

ಮೊದಲು ಮಕ್ಕಳನ್ನು ಸಾಲಾಗಿ ಇಡಬಹುದಾದ ಎಲ್ಲ ಕ್ರಮಗಳನ್ನೂ ತಾಳೆ ನೋಡುವ ಪ್ರೋಗ್ರಾಂ ಬರೆದೆ. ಮುತ್ತಜ್ಜನಿಗೆ 10 ಮಕ್ಕಳು, ಅಂದರೆ 36,28,800 ಕ್ರಮ, ಅದೂ ಒಂದೇ ತಲೆಮಾರಿಗೆ! ಊಟ ಮುಗಿಸಿ ಬಂದರೂ ಲ್ಯಾಪ್‌ಟಾಪ್ ಬುಸುಗುಡುತ್ತಲೇ ಇತ್ತು.

ದಾರಿ ಸಿಕ್ಕಿದ್ದು ಆಹೋ, ಹಾಪ್‌ಕ್ರಾಫ್ಟ್, ಉಲ್ಮನ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು 1974ರಲ್ಲಿ ಕೊಟ್ಟ ವಿಧಾನದಲ್ಲಿ. ಕೆಳಗಿನಿಂದ ಹತ್ತಬೇಕು. ಮಕ್ಕಳಿಲ್ಲದವರ ಸಂಕೇತ "()". ಉಳಿದವರಿಗೆ, ಮಕ್ಕಳ ಸಂಕೇತಗಳನ್ನು ಸಾರ್ಟ್ ಮಾಡಿ (ಒಂದು ಗೊತ್ತಾದ ಕ್ರಮಕ್ಕೆ ತಂದು), ಜೋಡಿಸಿ, ಸುತ್ತ ಒಂದು ಆವರಣ. "()" ಮತ್ತು "(())" ಯಾವ ಕ್ರಮದಲ್ಲಿ ಬಂದರೂ ತಂದೆಯದು "((())())". ಎರಡು ಮರಗಳ ತುದಿಯ ಸಂಕೇತ ಒಂದೇ ಆದರೆ ಆಕಾರವೂ ಒಂದೇ. ಹೊರಗಿನ ಆವರಣ ಹಾಕೋದನ್ನ ಮರೆತು ಅರ್ಧ ದಿನ ಕಳೆದೆ: ಮಕ್ಕಳು, ಮೊಮ್ಮಕ್ಕಳು ಎಲ್ಲ ಒಂದೇ ಸಾಲಿಗೆ ಬಂದುಬಿಟ್ಟಿದ್ದರು.

ಸರಿ ಮಾಡಿದ ಮೇಲೆ ಕಣ್ಣು ಮಿಟುಕಿಸೋದ್ರಲ್ಲಿ ಉತ್ತರ: ಬೇರೆ ಬೇರೆ. ಒಂದು ಕೊಂಬೆಯಲ್ಲಿ ಅತ್ತೆಯ ಕಡೆ ಒಂದು "()" ಹೆಚ್ಚು. ದೊಡ್ಡಪ್ಪಗೆ ಫೋನ್ ಮಾಡಿದೆ.

"ಆಕಿ ಸಣ್ಣಾಕಿದ್ದಾಗ ತೀರ್ಕೊಂಡ್ಳಪಾ, ಅದಕ್ಕ ಬರಿಲಿಲ್ಲ," ಅಂದರು.